ಕೆಳಗಿನ ತಾತ

ಎಡಗಾಲಿನ ಬೂಟು ಕಿರ್ರೆನ್ನುತ್ತಿದೆ, ಬಲಗಾಲಿನದು ಸುಮ್ಮನಿದೆ, ಕಿರ್, ಸುಮ್ಮನೆ, ಕಿರ್, ಸುಮ್ಮನೆ — ಇದನ್ನು ಹಾಕಿಕೊಂಡು ಬರಬಾರದಿತ್ತು, ನೆಲವನ್ನು ಈಗತಾನೆ ಒರೆಸಿದ್ದಾರೆ, ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಿದೆ, ಬೂಟಿನ ಸದ್ದು ಕಾರಿಡಾರಿನ ಆ ತುದಿಗೆ ಹೋಗಿ ಗೋಡೆಗೆ ತಗುಲಿ ವಾಪಸ್ಸು ಬರುತ್ತಿದೆ, ಎದುರಿನಿಂದ ಇನ್ನೊಬ್ಬ ಯಾರೋ ಬರುತ್ತಿರುವ ಹಾಗೆ. ಯಾರೂ ಇಲ್ಲ. ಹೋಗುವವನೂ ನಾನೇ, ಬರುವವನೂ ನಾನೇ. ಈ ತುದಿಗೊಂದು, ಆ ತುದಿಗೊಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನು, ರಸ್ತೆ ಅಗೆದ ಕಡೆ ಇಟ್ಟಿರುತ್ತಾರಲ್ಲ ಅಂಥದ್ದು, ಅದನ್ನು ಸುತ್ತಿಕೊಂಡು ತಿರುಗಿ ಮತ್ತೆ ನಡೆಯಬೇಕು, ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು ದೂರ. ಇಷ್ಟೇ ಪರೀಕ್ಷೆ. ಹೃದಯದಲ್ಲಿ ಇನ್ನೆಷ್ಟು ತ್ರಾಣ ಉಳಿದಿದೆ ಎಂದು ತಿಳಿಯುವುದಕ್ಕೆ ಬೆಳಿಗ್ಗೆಯಿಂದ ನಾನು ದೊಡ್ಡದೊಂದು ಯಂತ್ರವನ್ನು ಕಲ್ಪಿಸಿಕೊಂಡು ಬಂದಿದ್ದೆ, ವೈರುಗಳು, ಪರದೆ, ಬಾಯಿಗೊಂದು ಕೊಳವೆ, ನೋಡಿದರೆ ಎರಡು ಕೋನು, ಒಂದು ಕುರ್ಚಿ, ಬೆರಳಿಗೆ ಕಚ್ಚಿಸಿದ ಒಂದು ಕ್ಲಿಪ್ಪು. ಫಿಸಿಯೋ ಮೇಡಂ ಚಿಕ್ಕ ವಯಸ್ಸಿನವಳು, ಕುತ್ತಿಗೆಗೆ ಓಟದ ಪಂದ್ಯದ ಗಡಿಯಾರ ನೇತುಹಾಕಿಕೊಂಡಿದ್ದಾಳೆ, ಶುರುವಿಗೆ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿದಳು, ಓಡಬಾರದು ಸಾರ್, ನಡೀಬೇಕು, ಸುಸ್ತಾದ್ರೆ ನಿಧಾನ ಮಾಡಿ, ಬೇಕಾದ್ರೆ ನಿಲ್ಲಿ, ಗೋಡೆಗೆ ಒರಗಿಕೊಳ್ಳಿ, ಆದ್ರೆ ಗಡಿಯಾರ ನಿಲ್ಲಲ್ಲ, ಸುಧಾರಿಸಿಕೊಂಡ ತಕ್ಷಣ ಮತ್ತೆ ಶುರು ಮಾಡಿ, ಮಧ್ಯದಲ್ಲಿ ನಾನು ನಿಮ್ಮ ಜೊತೆ ಮಾತಾಡಲ್ಲ, ಎಷ್ಟು ನಿಮಿಷ ಉಳಿದಿದೆ ಅಂತ ಹೇಳ್ತೀನಿ ಅಷ್ಟೇ, ನೀವೂ ಮಾತಾಡ್ಬೇಡಿ. ಯಾಕಮ್ಮ, ಮಾತಾಡಿದ್ರೆ ದಂಡ ಹಾಕ್ತೀರಾ ಅಂದೆ. ನಗಲಿಲ್ಲ ಅವಳು. ಮಾತಿಗೂ ಉಸಿರು ಖರ್ಚಾಗುತ್ತೆ ಸಾರ್ ಅಂದಳು. ಅದು ನನಗೆ ಗೊತ್ತಿಲ್ಲವೇ, ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು, ನಾನು ಮಾತುಗಳನ್ನು ಕತ್ತರಿಸಿ ಆಡುವುದಕ್ಕೆ ಶುರುಮಾಡಿ ಎಷ್ಟು ಕಾಲವಾಯಿತು, ಹೂಂ, ಆಯ್ತು, ನೋಡೋಣ, ಹಾಗೇ ಮಾಡು — ಮನೆಯಲ್ಲಿ ಎಲ್ಲರೂ ನಾನು ಗಂಭೀರವಾಗಿಬಿಟ್ಟೆ ಅಂದುಕೊಂಡಿದ್ದಾರೆ.

ಚೆನ್ನಾಗಿ ನಡೀತಿದ್ದೀರಿ, ಇನ್ನು ಐದು ನಿಮಿಷ ಇದೆ — ಅದೇ ದನಿ, ಏರಿಲ್ಲ ಇಳಿದಿಲ್ಲ, ಎಲ್ಲ ರೋಗಿಗಳಿಗೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬೇಕೆಂಬ ನಿಯಮವಂತೆ, ಹುರಿದುಂಬಿಸಿದರೆ ಜನ ಜಾಸ್ತಿ ನಡೆದುಬಿಡುತ್ತಾರೆ, ಲೆಕ್ಕ ತಪ್ಪುತ್ತದೆ. ಲಿಫ್ಟಿನೊಳಗಿನ ಹೆಂಗಸಿನ ದನಿ ನೆನಪಾಗುತ್ತದೆ, ಬಾಗಿಲು ಮುಚ್ಚುತ್ತಿದೆ, ಬಾಗಿಲು ತೆರೆಯುತ್ತಿದೆ, ಒಳಗಿರುವವರು ಮದುವೆಗೆ ಹೊರಟಿರಲಿ ಸಾವಿಗೆ ಹೊರಟಿರಲಿ ಆಕೆಗೆ ಎರಡೂ ಒಂದೇ. ನಾನು ಲಿಫ್ಟ್ ರಿಪೇರಿಯವನು. ಜನಕ್ಕೆ ಮೆಟ್ಟಿಲು ತಪ್ಪಿಸುವುದು ನನ್ನ ಕಸುಬು, ನನಗೆ ಮಾತ್ರ ಮೆಟ್ಟಿಲು ತಪ್ಪಿದ್ದಲ್ಲ, ಕೆಟ್ಟು ನಿಂತ ಲಿಫ್ಟಿನಲ್ಲಿ ರಿಪೇರಿಯವನು ಮೇಲೆ ಹೋಗುವುದುಂಟೇ, ಮಷೀನ್ ರೂಮು ಯಾವಾಗಲೂ ಕಟ್ಟಡದ ನೆತ್ತಿಯಲ್ಲಿರುತ್ತದೆ, ಹೆಗಲಿಗೆ ಸ್ಪ್ಯಾನರ್ ಚೀಲ ಹಾಕಿಕೊಂಡು ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹತ್ತುತ್ತಿದ್ದೆ, ಸಿಳ್ಳೆ ಹಾಕಿಕೊಂಡು, ಹತ್ತುತ್ತಾ ಸಿಳ್ಳೆ ಹಾಕುವುದಕ್ಕೆ ಎಷ್ಟು ಉಸಿರು ಬೇಕು ಎಂದು ಈಗ ಯೋಚಿಸಿದರೆ ಯಾರೋ ಬೇರೆಯವನ ಕಥೆ ಕೇಳಿದಂತಾಗುತ್ತದೆ. ಜೊತೆಗಾರರು ನನ್ನನ್ನು ಮೇಕೆ ಅನ್ನುತ್ತಿದ್ದರು. ಏ ಮೇಕೆ, ಹನ್ನೆರಡನೇ ಮಹಡಿ, ಹೋಗಿ ಬಾ. ಹೋಗಿ ಬರುತ್ತಿದ್ದೆ. ಈಗ ಕಂಪನಿಯವರು ಮೇಕೆಯನ್ನು ಕುರ್ಚಿಗೆ ಕಟ್ಟಿಹಾಕಿದ್ದಾರೆ, ಫೋನಿನ ಮುಂದೆ, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಫೋನು ಮಾಡಿದರೆ ಸಮಾಧಾನ ಹೇಳಬೇಕು, ಗಾಬರಿ ಆಗ್ಬೇಡಿ, ಕೆಳಗೆ ಕೂತ್ಕೊಳ್ಳಿ, ಗಾಳಿ ಬೇಕಾದಷ್ಟಿದೆ, ನಮ್ಮವರು ಹೊರಟಿದ್ದಾರೆ. ಹೃದ್ರೋಗದ ಡಾಕ್ಟರು ಕಾಗದ ಕೊಟ್ಟರೆ ಮತ್ತೆ ಶಾಫ್ಟಿಗೆ, ಲಿಫ್ಟು ಓಡಾಡುವ ಆ ಬಾವಿಗೆ, ಇಳಿಯಬಹುದು. ಆ ಕಾಗದಕ್ಕಾಗಿಯೇ ಈ ನಡಿಗೆ, ಹಾಗಂತ ನಾನು ಅಂದುಕೊಂಡಿದ್ದೇನೆ, ಡಾಕ್ಟರು ಅಂದುಕೊಂಡಿರುವುದು ಬೇರೆ.

ಕೋನು. ತಿರುಗು. ತಿರುಗುವಾಗ ತಲೆ ಸ್ವಲ್ಪ ಹಿಂದೆ ಉಳಿಯುತ್ತದೆ, ಮೈ ಮುಂದೆ ಹೋಗುತ್ತದೆ. ಆ ತುದಿಯ ಬೆಂಚಿನಲ್ಲಿ ಮಗಳು ಕೂತಿದ್ದಾಳೆ, ತೊಡೆಯ ಮೇಲೆ ನನ್ನ ಫೈಲು, ನನ್ನ ಕೋಟು, ನೀರಿನ ಬಾಟಲಿ, ಕಣ್ಣು ಮೊಬೈಲಿನಲ್ಲಿ. ನೋಡುತ್ತಿಲ್ಲ, ಒಳ್ಳೆಯದು, ನೋಡದಿರಲಿ. ಅವಳಮ್ಮ ಬರಬೇಕಿತ್ತು, ಲೈಬ್ರರಿಯಲ್ಲಿ ರಜ ಕೊಡ್ಲಿಲ್ಲ ರೀ, ಮಗಳಿಗೆ ಹೇಳಿದ್ದೀನಿ, ಅವಳೇ ಬರ್ತಾಳೆ ಅಂದಳು, ಬೇಡ ನಾನೊಬ್ನೇ ಹೋಗ್ತೀನಿ ಅಂದೆ, ಆಗಲೇ ಒಪ್ಪಿದ್ದಾಳೆ ಇನ್ನು ಬೇಡ ಅಂದ್ರೆ ಚೆನ್ನಾಗಿರುತ್ತಾ ಅಂದಳು. ಟ್ಯಾಕ್ಸಿಯಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ್ದು, ಅಪ್ಪ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ, ಅವರು ನಿನಗೆ ಏನು ಮಾಡಿದ್ರು? ಅವರು ಅಂದರೆ ಅವಳ ಗಂಡ. ಏನೂ ಮಾಡಿಲ್ಲಮ್ಮ ಅಂದೆ. ಮತ್ತೆ? ಅಂದಳು. ಅಷ್ಟರಲ್ಲಿ ಆಸ್ಪತ್ರೆ ಬಂತು, ಡ್ರೈವರು ಚಿಲ್ಲರೆ ಇದೆಯಾ ಸಾರ್ ಅಂದ, ನಾನು ಜೇಬು ತಡಕಾಡುವುದರಲ್ಲಿ ಮುಳುಗಿಹೋದೆ, ಜೇಬು ತಡಕಾಡುವುದರಲ್ಲಿ ನಾನು ನಿಪುಣ, ಎಷ್ಟು ಹೊತ್ತು ಬೇಕಾದರೂ ತಡಕಾಡಬಲ್ಲೆ, ನಿಂತುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಡಾಕ್ಟರ ಮುಂದೆಯೂ ಹಾಗೇ ತಡಕಾಡಿದ್ದೆ, ಹೋದ ಸಲ, ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಒಂದು ಜ್ವರ ಬಂದಿತ್ತು, ಮಾಮೂಲಿ ಜ್ವರ, ಕೆಮ್ಮು, ಅದು ಬಿಟ್ಟುಹೋಗುವಾಗ ಹೃದಯದ ಸ್ನಾಯುವನ್ನು ಹಾಳುಮಾಡಿ ಹೋಗಿದೆಯಂತೆ, ಡಾಕ್ಟರು ಮುಷ್ಟಿಯನ್ನು ಬಿಗಿಯಾಗಿ ಹಿಡಿದು ಬಿಟ್ಟು ತೋರಿಸಿದರು, ಎಲ್ಲರದೂ ಹೀಗೆ, ಆಮೇಲೆ ಬೆರಳುಗಳನ್ನು ಅರ್ಧಕ್ಕೇ ಮಡಚಿ ನಿಲ್ಲಿಸಿದರು, ನಿಮ್ಮದು ಹೀಗೆ. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ ಎಂದು ಕೇಳಿದರು. ಇಲ್ಲ ಡಾಕ್ಟ್ರೇ ಅಂದೆ. ಸುಳ್ಳಲ್ಲ. ಹತ್ತಿದರೆ ತಾನೆ ಕಟ್ಟುವುದು. ಬಟ್ಟೆ ಹಾಕ್ಕೊಳ್ಳೋವಾಗ, ಸ್ನಾನ ಮಾಡೋವಾಗ? ಇಲ್ಲ. ಸ್ಟೂಲು ಹಾಕಿಕೊಂಡು ಕೂತು ಸ್ನಾನ ಮಾಡುತ್ತೀರಾ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಲಗಿದ್ರೆ? ಚೆನ್ನಾಗಿ ನಿದ್ದೆ ಬರುತ್ತೆ. ಮೂರು ದಿಂಬು, ಬೆನ್ನು ನೆಟ್ಟಗೆ, ಕೂತವನ ಹಾಗೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ನೋಡಿ, ನಿಮ್ಮ ಹೃದಯದ ಎಕೋ ಸ್ಕ್ಯಾನ್ ನೋಡಿದ್ರೆ ನೀವು ಇಷ್ಟು ಆರಾಮಾಗಿರೋ ಹಾಗಿಲ್ಲ, ನಿಮ್ಮನ್ನ ಕೇಳಿದ್ರೆ ಎಲ್ಲಾ ಆರಾಮ ಅಂತೀರಿ, ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ, ನಡೆಸಿ ನೋಡೋಣ. ಆಮೇಲೆ ಸ್ವಲ್ಪ ಮೆತ್ತಗಾಗಿ, ಇದರಲ್ಲಿ ಪಾಸು ಫೇಲು ಇಲ್ಲ, ನೀವು ನಡೆದದ್ದು ನೋಡಿ ಮಾತ್ರೆ ಸಾಕಾ, ಎದೆಯೊಳಗೆ ಪಂಪು ಕೂರಿಸಬೇಕಾ, ಬೇರೆ ಹೃದಯಕ್ಕೆ ಹೆಸರು ಬರೆಸಬೇಕಾ ಅಂತ ಯೋಚನೆ ಮಾಡ್ತೀವಿ, ನೀವು ಸುಳ್ಳು ನಡೆದ್ರೆ ನಾವು ಸುಳ್ಳು ಔಷಧಿ ಕೊಡಬೇಕಾಗುತ್ತೆ. ಸುಳ್ಳು ನಡೆಯುವುದು. ನಾಲಿಗೆಯಿಂದ ಸುಳ್ಳು ಹೇಳುವುದು ಗೊತ್ತಿತ್ತು, ಕಾಲಿನಿಂದಲೂ ಹೇಳಬಹುದೆಂದು ಡಾಕ್ಟರೇ ಕಲಿಸಿಕೊಟ್ಟರು. ಹೆಂಡತಿ ಬ್ಯಾಗಿನ ಜಿಪ್ಪನ್ನು ಎಳೆದಳು, ಬಿಟ್ಟಳು, ಎಳೆದಳು.

ನಾಲ್ಕು ನಿಮಿಷ ಇದೆ, ಹೀಗೇ ನಡೀರಿ. ಹೀಗೇ. ಅವಸರ ಮಾಡಬಾರದು, ಮೊದಲೇ ಜೋರಾಗಿ ನಡೆದರೆ ಕೊನೆಗೆ ಉಳಿಯುವುದಿಲ್ಲ, ನಾನು ಲೆಕ್ಕ ಹಾಕಿಕೊಂಡೇ ಬಂದಿದ್ದೇನೆ, ಬೀದಿಯಲ್ಲಿ ಅಭ್ಯಾಸವಿದೆ, ಬೀದಿಯಲ್ಲಾದರೆ ಅಂಗಡಿಗಳಿರುತ್ತವೆ. ಅಂಗಡಿಗಳು ಬದುಕಿಸಿದವು ನನ್ನನ್ನು. ಗಾಜಿನ ಹಿಂದೆ ಏನಿಟ್ಟಿದ್ದರೂ ಸರಿ, ನಿಂತು ನೋಡುವುದು, ಕೈ ಬೆನ್ನ ಹಿಂದೆ, ಕುತ್ತಿಗೆ ಸ್ವಲ್ಪ ವಾಲಿಸಿ, ಕೊಳ್ಳುವವನ ಹಾಗೆ, ಎದೆಯೊಳಗಿನ ತಿದಿ ಶಾಂತವಾಗುವ ತನಕ. ಪಾತ್ರೆ ಅಂಗಡಿಯ ಮುಂದೆ ಹಾಗೆ ಎಷ್ಟು ಸಲ ನಿಂತಿದ್ದೆನೋ, ಗಾಜಿನ ಹಿಂದೆ ನೀರು ಕಾಯಿಸುವ ಕೆಟಲುಗಳ ಸಾಲು, ಹೆಂಡತಿ ಪಕ್ಕದಲ್ಲಿ, ಅದರ ಮೇಲೆ ನಿಮಗೆ ಅಷ್ಟೊಂದು ಆಸೆಯಾ ಅಂದಳು, ಹೂಂ ಅಂದೆ, ಹೂಂ ಎನ್ನುವುದಕ್ಕೆ ಉಸಿರು ಕಮ್ಮಿ ಸಾಕು, ಹುಟ್ಟಿದಹಬ್ಬಕ್ಕೆ ತಂದೇಬಿಟ್ಟಳು, ಕೆಂಪು ಬಣ್ಣದ್ದು, ಸಿಳ್ಳೆ ಹಾಕುತ್ತದೆ. ನಾನು ಹಾಕುತ್ತಿದ್ದ ಸಿಳ್ಳೆಯನ್ನು ಈಗ ಕೆಟಲು ಹಾಕುತ್ತದೆ. ಲೇಸು ಕಟ್ಟುವ ನೆಪವೂ ಇತ್ತು ಮೊದಲು, ಆದರೆ ಬಗ್ಗಿದರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತದೆ, ಅದಕ್ಕೇ ಲೇಸಿಲ್ಲದ ಬೂಟು ಕೊಂಡೆ, ಈ ಕಿರ್ರೆನ್ನುವ ಬೂಟು, ಕೊಂಡಮೇಲೆ ಹೊಳೆಯಿತು, ಲೇಸಿನ ಜೊತೆಗೆ ನೆಪವೂ ಹೋಯಿತು. ಈ ಕಾರಿಡಾರಿನಲ್ಲಿ ಅಂಗಡಿಯಿಲ್ಲ. ಎರಡು ಗೋಡೆ, ಬಿಳಿ, ಸೊಂಟದ ಮಟ್ಟಕ್ಕೆ ಹಿಡಿದುಕೊಳ್ಳುವ ಪಟ್ಟಿ, ಕೈತೊಳೆಯಿರಿ ಎನ್ನುವ ಚಿತ್ರ. ಕೈ ತೊಳೆಯುವ ಚಿತ್ರವನ್ನು ಎಷ್ಟು ಹೊತ್ತು ನೋಡಬಹುದು.

ಕೋನು, ತಿರುಗು, ಈಗ ಕಿರ್ ಮತ್ತು ಸುಮ್ಮನೆಯ ನಡುವೆ ಜಾಗ ಜಾಸ್ತಿಯಾಗಿದೆ. ಮಗಳು ತಲೆಯೆತ್ತಿ ನೋಡಿದಳು, ನಾನು ನಕ್ಕೆ, ಹಲ್ಲು ಕಾಣುವಂತೆ, ಅವಳು ನಗಲಿಲ್ಲ, ಮತ್ತೆ ಮೊಬೈಲು. ಅವರು ನಿನಗೆ ಏನು ಮಾಡಿದ್ರು? ಏನು ಮಾಡಿದ ಪಾಪ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ, ಮೆತ್ತಗೆ ಮಾತಾಡುತ್ತಾನೆ, ಬಾಗಿಲನ್ನು ಕೂಡ ಸದ್ದಾಗದ ಹಾಗೆ ಹಾಕುತ್ತಾನೆ, ಅಂಥವನು ಸಿಗಬೇಕಲ್ಲ. ಅವರು ಮನೆ ಬದಲಾಯಿಸಿದ ದಿನ ಆದದ್ದು. ಮಗಳ ಮಗು ಆಗ ಅಂಬೆಗಾಲಿಡುತ್ತಿತ್ತು. ನಾಲ್ಕನೇ ಮಹಡಿ, ಲಿಫ್ಟಿಲ್ಲದ ಹಳೆಯ ಕಟ್ಟಡ, ಲಿಫ್ಟ್ ರಿಪೇರಿಯವನ ಮಗಳು ಲಿಫ್ಟಿಲ್ಲದ ಮನೆ ಹಿಡಿದಿದ್ದಾಳೆ ನೋಡಿ ಎಂದು ನಾನೇ ಎಲ್ಲರ ಮುಂದೆ ತಮಾಷೆ ಮಾಡಿದ್ದೆ, ಬಾಡಿಗೆ ಕಮ್ಮಿ ಅಪ್ಪ, ಬೆಳಕು ಚೆನ್ನಾಗಿದೆ ಅಂದಿದ್ದಳು. ದೊಡ್ಡ ಹಾಸಿಗೆಯನ್ನು ನಾನೂ ಅವನೂ ಹಿಡಿದಿದ್ದೆವು, ನಾನು ಕೆಳಗಿನ ತುದಿ, ಅವನು ಮೇಲಿನ ತುದಿ, ಎರಡನೇ ಮಹಡಿ ದಾಟಿದಾಗ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು, ಮೂರನೆಯದರ ತಿರುವಿನಲ್ಲಿ ಕಾಲು ಎತ್ತುವುದಕ್ಕೇ ಆಗಲಿಲ್ಲ, ಆಗ ಡಾಕ್ಟರೂ ಇಲ್ಲ ಎಕೋನೂ ಇಲ್ಲ, ಇದೇನಿದು ಎಂಬುದೇ ಗೊತ್ತಿಲ್ಲ, ಹಾಸಿಗೆ ನನ್ನ ಕಡೆಗೆ ಜಾರುತ್ತಾ ಬಂತು, ಅವನು ಮೇಲಿನಿಂದ ಬಗ್ಗಿ ನೋಡಿ, ಮಾವ, ನೀವು ಬಿಡಿ, ನಾನೊಬ್ನೇ ತಗೊಂಡು ಹೋಗ್ತೀನಿ ಅಂದ, ಅಕ್ಕರೆಯಿಂದಲೇ ಅಂದದ್ದು. ನನ್ನ ಬಾಯಿಂದ ಬಂದ ಮಾತು, ನೀನು ನನಗೆ ಹೇಳಿಕೊಡಬೇಡ. ನಾನು ಮೆಟ್ಟಿಲು ಹತ್ತೋಕೆ ಶುರುಮಾಡಿದಾಗ ನೀನಿನ್ನೂ ಎಂದು ಏನೋ ಹೇಳಹೊರಟೆ, ಉಸಿರು ಸಾಲದೆ ಅರ್ಧಕ್ಕೇ ನಿಂತಿತು, ಅರ್ಧಕ್ಕೆ ನಿಂತ ಮಾತು ಪೂರ್ತಿ ಆಡಿದ ಮಾತಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಹಾಸಿಗೆ ಬಿಟ್ಟು ಕೆಳಗಿಳಿದೆ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಅವತ್ತಿನಿಂದ ಮೇಲೆ ಹೋಗಿಲ್ಲ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲಮ್ಮ, ಕೆಳಗೇ ಇದ್ದೀನಿ. ಬಟ್ಟೆಯೆಲ್ಲ ಗ್ರೀಸು, ಕೆಳಗೇ ಇದ್ದೀನಿ. ಅವಸರದಲ್ಲಿದ್ದೀನಿ, ಮಗೂನ ಕಳಿಸು, ಕೆಳಗೇ ಇದ್ದೀನಿ. ಮೊದಮೊದಲು ಬಾ ಅಪ್ಪ ಅನ್ನುತ್ತಿದ್ದಳು, ಆಮೇಲೆ ಅನ್ನುವುದನ್ನು ಬಿಟ್ಟಳು. ಅಳಿಯ ಮಗುವನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟು, ಬರ್ತೀನಿ ಮಾವ, ಎಂದು ಆ ಕಡೆ ಅಂಗಡಿಗೆ ಹೋಗಿ ನಿಲ್ಲುತ್ತಾನೆ, ನನಗೆ ತೊಂದರೆಯಾಗದಿರಲಿ ಎಂದು. ಮಗುವಿಗೆ ಈಗ ಮಾತು ಬಂದಿದೆ. ಅಳಿಯನ ಅಪ್ಪ ಊರಿನಿಂದ ಬಂದರೆ ಮೇಲೆ ಹೋಗಿ ಸೋಫಾದಲ್ಲಿ ಕೂರುತ್ತಾರೆ, ಅವರು ಮೇಲಿನ ತಾತ, ನಾನು ಕೆಳಗಿನ ತಾತ. ಮೊದಲ ಸಲ ಕೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಳಗಿನ ತಾತ, ನಿನ್ನ ಮನೆ ಈ ಗೇಟಾ ಎಂದು ಕೇಳಿತು ಇನ್ನೊಂದು ದಿನ. ಹೂಂ ಪುಟ್ಟಿ. ರಾತ್ರಿ ಇಲ್ಲೇ ಮಲಗ್ತೀಯಾ? ಹೂಂ.

ಮೂರು ನಿಮಿಷ ಇದೆ, ಅರ್ಧ ಆಯ್ತು. ಅರ್ಧ. ಅರ್ಧವೇ. ಕ್ಲಿಪ್ಪಿನ ಬೆರಳು ಜುಮ್ಮೆನ್ನುತ್ತಿದೆ, ಗಂಟಲಿನಲ್ಲಿ ಕಬ್ಬಿಣದ ರುಚಿ, ಲಿಫ್ಟಿನ ಉಕ್ಕಿನ ಹಗ್ಗ ಸವೆದಾಗ ಮಷೀನ್ ರೂಮಿನಲ್ಲಿ ಬರುವಂಥ ವಾಸನೆ, ಬೇಡ, ಬೇರೆ ಏನಾದರೂ ಯೋಚಿಸು, ಹೆಂಡತಿಯನ್ನು ಯೋಚಿಸು, ಅವಳ ಮಂಡಿಯನ್ನು ಯೋಚಿಸು. ಅವಳಿಗೆ ಮಂಡಿ ನೋವು. ನಮ್ಮ ಮನೆ ಒಂದನೇ ಮಹಡಿ, ಮಧ್ಯದ ತಿರುವಿನಲ್ಲಿ ಅಯ್ಯೋ ನನ್ನ ಮಂಡಿ, ಸ್ವಲ್ಪ ನಿಂತ್ಕೊಳ್ರೀ ಅನ್ನುತ್ತಾಳೆ, ನಿಂತುಕೊಳ್ಳುತ್ತೇನೆ, ದೇವರೇ ಹೇಳಿಸಿದ ಹಾಗೆ ಸರಿಯಾಗಿ ನನಗೆ ಬೇಕಾದಾಗಲೇ ಅವಳಿಗೆ ನೋಯುತ್ತದೆ, ಸೇತುವೆಯ ಏರಿನಲ್ಲಿ ನೋಯುತ್ತದೆ, ಬಸ್ ನಿಲ್ದಾಣದ ಮೆಟ್ಟಿಲಲ್ಲಿ ನೋಯುತ್ತದೆ, ನಾನು ಹಿರಿಯನ ಹಾಗೆ, ಡಾಕ್ಟ್ರಿಗೆ ತೋರಿಸು ಅಂದ್ರೆ ಕೇಳಲ್ಲ ನೀನು ಎಂದು ಗದರಿಸುತ್ತೇನೆ, ಒಳಗೊಳಗೇ ಆ ಮಂಡಿಗೆ ಕೈಮುಗಿಯುತ್ತೇನೆ. ಲೈಬ್ರರಿಯಲ್ಲಿ ಏಣಿ ಹತ್ತಿ ಮೇಲಿನ ಕಪಾಟಿನಿಂದ ದಪ್ಪ ದಪ್ಪ ಪುಸ್ತಕ ಇಳಿಸುತ್ತಾಳೆ. ಏಣಿ ಹತ್ತುತ್ತಾಳೆ. ಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲ ಒರೆಸುತ್ತಾಳೆ. ಮೊನ್ನೆ ಬಸ್ಸು ಹೊರಡುತ್ತಿದ್ದಾಗ ಓಡಿದಳು, ನಾನು ನಿಂತೇ ಇದ್ದೆ, ಅವಳು ಹುಡುಗಿಯ ಹಾಗೆ ಓಡಿ ಬಸ್ಸಿನ ಬಾಗಿಲು ಬಡಿದು ನಿಲ್ಲಿಸಿದಳು.

ಅವಳಿಗೆ ಮಂಡಿ ನೋವಿಲ್ಲ.

ಅವಳಿಗೆ ಯಾವತ್ತೂ ಮಂಡಿ ನೋವಿರಲಿಲ್ಲ, ಅಯ್ಯೋ ಇವಳೇ, ಎಂದಿನಿಂದ ಗೊತ್ತು ನಿನಗೆ, ಕೆಟಲಿಗಿಂತ ಮೊದಲೇ ಗೊತ್ತಿತ್ತೇ, ಕೆಟಲು ತಂದುಕೊಟ್ಟದ್ದು ಗೊತ್ತಿದ್ದೇ ತಂದದ್ದೇ — ಲಿಫ್ಟನ್ನು ಮೋಟರು ಒಂದೇ ಎತ್ತುತ್ತದೆ ಅಂದುಕೊಂಡಿರುತ್ತಾರೆ ಜನ, ಹಿಂದಿನ ಗೋಡೆಗೆ ಒತ್ತಿಕೊಂಡು ಯಾರಿಗೂ ಕಾಣದ ಹಾಗೆ ಒಂದು ತೂಕ ಇಳಿಯುತ್ತಿರುತ್ತದೆ, ಅದು ಇಳಿದಷ್ಟೂ ಇದು ಏರುತ್ತದೆ, ಇಷ್ಟು ವರ್ಷ ಅದನ್ನೇ ಒರೆಸಿ ಎಣ್ಣೆ ಹಾಕಿದವನಿಗೆ ಮನೆಯಲ್ಲಿರುವುದು ಕಾಣಲಿಲ್ಲ. ರಜ ಸಿಗಲಿಲ್ಲ ಅಂದದ್ದು. ಅದೂ ಹಾಗೇ. ಅವಳಿಗೆ ರಜ ಸಿಗದೆ ಏನು, ಯಾವತ್ತು ಸಿಕ್ಕಿಲ್ಲ, ಮಗಳನ್ನು ಕಳಿಸಿದ್ದಾಳೆ, ಬೇಕೆಂದೇ ಕಳಿಸಿದ್ದಾಳೆ, ನಾನು ಬಾಯಿಬಿಡುವುದಿಲ್ಲ ಅಂತ ಗೊತ್ತು, ನೋಡಲಿ ಅಂತ. ಈ ಬೆಂಚಿನ ಮೇಲೆ ತಂದು ಕೂರಿಸಿದ್ದಾಳೆ. ಮಗಳು ಮೊಬೈಲು ಕೆಳಗಿಟ್ಟಿದ್ದಾಳೆ. ಯಾವಾಗಿನಿಂದ ನೋಡುತ್ತಿದ್ದಾಳೆ? ಕಿರ್. ಕಿರ್. ಈಗ ಎರಡೂ ಬೂಟು ಒಂದೇ ಥರ, ನೆಲಕ್ಕೆ ಎಳೆಯುತ್ತಿವೆ, ಎತ್ತು, ಎತ್ತು ಕಾಲು, ಏ ಮೇಕೆ. ಶಾಫ್ಟಿನ ಕಾಗದ. ಅದು ಬೇಡವೇ. ಇನ್ನೊಂದು ಸುತ್ತು. ಗೋಡೆಯ ಪಟ್ಟಿ ಎಷ್ಟು ಹತ್ತಿರದಲ್ಲಿದೆ, ಹಿಡಿದರೆ ಮುಗಿಯಿತು, ಹಿಡಿಯದೆ ಹೋದರೂ ಮುಗಿಯಿತು, ಕಾರಿಡಾರು ಸ್ವಲ್ಪ ಎಡಕ್ಕೆ ವಾಲಿತು, ಅಲ್ಲ ನಾನು ವಾಲಿದೆ, ಕೈ ತಾನಾಗಿಯೇ ಪಟ್ಟಿಯ ಮೇಲಿದೆ.

ನಿಂತಿದ್ದೇನೆ. ಹಣೆ ಗೋಡೆಗೆ. ಗೋಡೆ ತಣ್ಣಗಿದೆ. ಗಡಿಯಾರ ನಿಲ್ಲಲ್ಲ. ಬೆಂಚು ಸರಿದ ಸದ್ದು, ಫೈಲು ಬಿದ್ದ ಸದ್ದು, ಓಡಿ ಬರುವ ಚಪ್ಪಲಿ, ಅಪ್ಪಾ, ಅಪ್ಪಾ ಏನಾಯ್ತು, ಫಿಸಿಯೋ ಮೇಡಂನ ದನಿ, ಬನ್ನಿ, ಪಕ್ಕದಲ್ಲಿರಿ, ಹಿಡ್ಕೋಬೇಡಿ, ಅವರು ಬಿದ್ದಿಲ್ಲ, ನಿಂತಿದ್ದಾರೆ, ನಿಲ್ಲಬಹುದು. ಎದೆ ನೋಯುತ್ತಾ ಸಾರ್? ತಲೆ ಅಲ್ಲಾಡಿಸಿದೆ, ಇಲ್ಲ. ತಲೆ ಸುತ್ತುತ್ತಾ? ಸ್ವಲ್ಪ, ಬೆರಳಿನಿಂದ ತೋರಿಸಿದೆ. ಮಗಳ ಕಾಲು ಕಾಣುತ್ತಿದೆ, ಒಂದು ಹೆಜ್ಜೆ ದೂರ, ಹಿಡಿಯಬೇಡ ಅಂದದ್ದಕ್ಕೆ ಕೈಯನ್ನು ಏನು ಮಾಡುವುದೆಂದು ಗೊತ್ತಾಗದೆ ನನ್ನ ಕೋಟನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾಳೆ. ಬೂಟಿನ ಲೇಸು ಕಟ್ಟುತ್ತಿದ್ದೇನೆ ಅನ್ನಲೇ, ಲೇಸಿಲ್ಲ. ಕೈ ತೊಳೆಯುವ ಚಿತ್ರ ನೋಡುತ್ತಿದ್ದೇನೆ ಅನ್ನಲೇ. ಗಾಬರಿ ಆಗ್ಬೇಡಿ, ಗಾಳಿ ಬೇಕಾದಷ್ಟಿದೆ, ನಮ್ಮವರು ಹೊರಟಿದ್ದಾರೆ — ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳುತ್ತಿದ್ದೆ, ಒಳಗಿದ್ದವರಿಗೆ ಹೇಗೆ ಕೇಳಿಸುತ್ತಿತ್ತೋ. ಅಪ್ಪ, ಎಂದು ಮಗಳು ಮೆಲ್ಲಗೆ, ಇದು ಹೀಗೇ ಆಗುತ್ತಾ ದಿನಾ? ಮಾತಾಡಬಾರದು ಎಂದಿದ್ದಾಳೆ ಮೇಡಂ. ಇವತ್ತು ಮೊದಲ ಸಲ, ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೆ — ಈ ಮಾತು ನಾಲಿಗೆಯ ತುದಿಗೇ ಬಂದಿತ್ತು, ಇಡೀ ವಾಕ್ಯ ಸಿದ್ಧವಾಗಿತ್ತು, ಅದನ್ನು ಆಡುವಷ್ಟು ಉಸಿರಿರಲಿಲ್ಲ, ಅಷ್ಟೇ. ತಲೆಯನ್ನು ಮೇಲೆ ಕೆಳಗೆ ಆಡಿಸುವಷ್ಟಿತ್ತು. ಆಡಿಸಿದೆ. ಹೌದು. ದಿನಾ.

ಎರಡು ನಿಮಿಷ ಇದೆ ಅಂದಳು ಮೇಡಂ, ಸ್ವಲ್ಪ ಹೊತ್ತು ಬಿಟ್ಟು ಒಂದು ನಿಮಿಷ ಇದೆ, ನಿಮಗೆ ಆದಾಗ ಮತ್ತೆ ಶುರು ಮಾಡಿ. ಅದೇ ದನಿ, ಈಗ ಅದು ಹಿತವಾಗಿದೆ, ಏನೂ ಬೇಡುವುದಿಲ್ಲ ಅದು. ಹಣೆಯನ್ನು ಗೋಡೆಯಿಂದ ಕಿತ್ತೆ. ನಡೆದೆ. ಇದು ನಿಜವಾದ ನಡಿಗೆ, ನನ್ನದೇ, ತಯಾರಿಯಿಲ್ಲದ್ದು, ಬೆನ್ನು ಬಾಗಿದೆ, ಬಾಯಿ ತೆರೆದಿದೆ, ಹೆಜ್ಜೆಗೊಂದು ಸಲ ಕೈ ಪಟ್ಟಿಯನ್ನು ಮುಟ್ಟುತ್ತದೆ, ಮನೆಯಲ್ಲಿ ಯಾರೂ ಇಲ್ಲದಾಗ ಬಚ್ಚಲಿನಿಂದ ಮಂಚಕ್ಕೆ ಹೀಗೇ ನಡೆಯುತ್ತೇನೆ, ಯಾರೂ ನೋಡಿರಲಿಲ್ಲ. ಮಗಳು ಪಕ್ಕದಲ್ಲಿ ನಡೆಯುತ್ತಿಲ್ಲ, ನಿಂತಲ್ಲೇ ನಿಂತಿದ್ದಾಳೆ, ಬೆನ್ನಿಗೆ ಅವಳ ಕಣ್ಣು ಗೊತ್ತಾಗುತ್ತಿದೆ. ಕೋನು ಅಲ್ಲಿದೆ. ಅಲ್ಲಿಯವರೆಗೆ ಹೋಗಿ ತಿರುಗಿಬಿಡೋಣ. ನಿಲ್ಲಿ ಸಾರ್, ಅಲ್ಲೇ ನಿಲ್ಲಿ ಅಂದಳು ಮೇಡಂ. ನಿಂತೆ. ಕೋನು ಇನ್ನೂ ದೂರದಲ್ಲೇ ಇತ್ತು. ಅವಳು ಬಂದು ಮಂಡಿಯೂರಿ, ಜೇಬಿನಿಂದ ಟೇಪಿನ ಸುರುಳಿ ತೆಗೆದು, ಹಲ್ಲಿನಿಂದ ಒಂದು ತುಂಡು ಹರಿದು, ನನ್ನ ಬೂಟಿನ ತುದಿಗೆ ಸರಿಯಾಗಿ ನೆಲಕ್ಕೆ ಅಂಟಿಸಿದಳು. ಹಸಿರು ಟೇಪು. ಬೆರಳುದ್ದ. ಏನದು ಎಂದು ಕಣ್ಣಿನಲ್ಲೇ ಕೇಳಿದೆ. ಎಲ್ಲಿವರೆಗೆ ಬಂದ್ರಿ ಅಂತ ಗುರುತು ಸಾರ್, ಆಮೇಲೆ ಅಳೀತೀನಿ. ಕುರ್ಚಿ ತಂದಳು. ಕೂತೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಏದುಸಿರು, ಶುರುವಿನಲ್ಲಿ ಕೇಳಿದ್ನಲ್ಲ ಅದೇ. ಏಳು, ಅಲ್ಲ, ಎಂಟು ಅಂದೆ. ಬರೆದುಕೊಂಡಳು, ಈ ಸಲ ಮುಖ ನೋಡಿ ಸ್ವಲ್ಪ ನಕ್ಕಳು, ಥ್ಯಾಂಕ್ಸ್ ಸಾರ್ ಅಂದಳು, ಯಾಕೆಂದು ಮೊದಲು ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯಿತು, ನಿಜ ಹೇಳಿದ್ದಕ್ಕೆ.

ಮಗಳು ಬಂದು ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟಳು, ಒದ್ದೆ ನೆಲ ಏಳಮ್ಮ ಎನ್ನಬೇಕೆನಿಸಿತು, ಅದರ ಬದಲು ಬೇರೆ ಮಾತು ಬಂತು, ನಿನ್ನ ಗಂಡ ನನಗೆ ಏನೂ ಮಾಡಿಲ್ಲ. ಉಸಿರು. ನನಗೆ ಹತ್ತಕ್ಕಾಗಲ್ಲಮ್ಮ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಹಾಸಿಗೆ ದಿನದಿಂದಲಾ? ಹೂಂ. ಅವತ್ತಿನಿಂದ ಇವತ್ತಿನವರೆಗೂ ಒಂದು ಸಲಾನೂ ಬರದೇ ಇದ್ದಿದ್ದು ಇದಕ್ಕಾ? ಹೂಂ. ಅಳುತ್ತಾಳೆ ಅಂದುಕೊಂಡೆ, ಸಿಟ್ಟು ಬಂದಿತ್ತು ಅವಳಿಗೆ, ಮೂಗಿನ ತುದಿ ಕೆಂಪಗೆ, ಅವಳಮ್ಮನದೇ ಮೂಗು, ನಿನಗೆ ಗೊತ್ತಾ ಅಪ್ಪ, ನಾವಿಬ್ರೂ ಎಷ್ಟು ಜಗಳ ಆಡಿದ್ದೀವಿ ಅಂತ, ನಿಮ್ಮಪ್ಪನ ಕಣ್ಣಿಗೆ ನಾನು ಮನುಷ್ಯನೇ ಅಲ್ಲ ಅಂತಾರೆ ಅವರು, ಇಲ್ಲ ಕಣ್ರೀ ಅಂತ ನಾನು, ಮತ್ತೆ ಯಾಕೆ ಬರಲ್ಲ ಅಂತಾರೆ, ನನ್ನ ಹತ್ರ ಏನಿದೆ ಹೇಳೋಕೆ? ಹೋದ ತಿಂಗಳು ಆ ಮನೆ ಖಾಲಿ ಮಾಡೋಣ ಅಂದ್ರು, ಬಾಡಿಗೆ ಜಾಸ್ತಿ ಆದ್ರೂ ಪರವಾಗಿಲ್ಲ, ಬಹುಶಃ ಆ ಮನೆ ನಿಮ್ಮಪ್ಪನಿಗೆ ಹಿಡಿಸ್ತಿಲ್ಲ ಅಂದ್ರು. ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಬಂದರು, ಗಾಲಿಗಳು ಟೇಪಿನ ಪಕ್ಕದಲ್ಲಿ ಹಾದುಹೋದವು, ಗಾಳಿಗೆ ಟೇಪಿನ ಒಂದು ಮೂಲೆ ಎದ್ದು ಮತ್ತೆ ಮಲಗಿತು. ಮೂಲೆ ಸರಿಯಾಗಿ ಅಂಟಿಲ್ಲ. ಹೇಳು, ನೀನೇ ಹೇಳು ಅವರಿಗೆ, ಎಂದು ಮಗಳು ಮೊಬೈಲು ಒತ್ತಿ ನನ್ನ ಕೈಗಿಟ್ಟಳು. ರಿಂಗಾಗುತ್ತಿದೆ. ಹಸಿರು ಟೇಪಿನ ಈಚೆ ನನ್ನ ಬೂಟು, ಆಚೆ ಖಾಲಿ ನೆಲ. ಹಲೋ, ಏನಾಯ್ತು, ಪರೀಕ್ಷೆ ಮುಗೀತಾ ಎಂದ ಅಳಿಯ, ಅವಳೇ ಎಂದುಕೊಂಡು. ನಾನಪ್ಪ ಅಂದೆ. ಅವನು ಕೂಡಲೇ ಎದ್ದು ನಿಂತಿರಬೇಕು, ಸ್ಟೂಲು ಉರುಳಿದ ಸದ್ದು, ಮಾವ, ಹೇಳಿ ಮಾವ. ಹೇಳಿದೆ. ನಡುನಡುವೆ ನಿಂತೆ, ಅವನು ಕಾದ, ಹೇಳಿದೆ, ನಿಂತೆ, ಅವತ್ತು ಮೂರನೇ ಮಹಡಿ ತಿರುವಿನಲ್ಲಿ ಉಸಿರು ಕಟ್ಟಿತ್ತು, ನಾಚಿಕೆಯಾಯ್ತು, ಬೈದೆ, ಅಷ್ಟೇ ಆಗಿದ್ದು. ಆ ಕಡೆ ಅವನು ಗಾಜು ಉಜ್ಜುವ ಯಂತ್ರ ಆರಿಸಿದ ಸದ್ದು. ಆಮೇಲೆ ಅವನು, ಮೆತ್ತಗೆ, ಯಾವಾಗಲೂ ಮಾತಾಡುವ ಹಾಗೇ, ಆ ಹಾಸಿಗೆ ಬಹಳ ಭಾರ ಇತ್ತು ಮಾವ, ನನಗೂ ಆಗಿರಲಿಲ್ಲ, ನೀವು ಬಿಟ್ಟ ಮೇಲೆ ನಾನೂ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ ಅಂದ. ಮೊಬೈಲು ಮಗಳ ಕೈಗೆ ಕೊಟ್ಟೆ, ಅವಳು ಎದ್ದು ಕಿಟಕಿಯ ಕಡೆ ಹೋದಳು, ಅವಳ ಬೆನ್ನು ಅಲುಗುತ್ತಿದೆ, ಅಳುತ್ತಿದ್ದಾಳೋ ನಗುತ್ತಿದ್ದಾಳೋ. ಶಾಫ್ಟಿನ ಕಾಗದ ಇನ್ನು ಬರುವುದಿಲ್ಲ. ಪಂಪೋ, ಹೆಸರು ಬರೆಸುವುದೋ, ಮಧ್ಯಾಹ್ನ ಡಾಕ್ಟರು ಹೇಳುತ್ತಾರೆ, ಬರೆಸಲಿ. ಫಿಸಿಯೋ ಮೇಡಂ ಅಳತೆಯ ಚಕ್ರ ಉರುಳಿಸಿಕೊಂಡು ಬರುತ್ತಿದ್ದಾಳೆ, ಟಿಕ್ ಟಿಕ್ ಟಿಕ್, ಬಂದು ಟೇಪಿನ ಹತ್ತಿರ ನಿಂತಳು, ಬಗ್ಗಿ ನೋಡಿ ಬರೆದುಕೊಂಡಳು, ಎಷ್ಟು ಎಂದು ನಾನು ಕೇಳಲಿಲ್ಲ. ಟೇಪು ಕೀಳದೆ ಹೋದಳು, ಮರೆತಳೋ ಏನೋ. ನೆಲ ಒರೆಸುವವಳು ಬಂದಳು, ಒರೆಸುತ್ತಾ ಒರೆಸುತ್ತಾ ಟೇಪಿನ ಸುತ್ತ ಕೋಲನ್ನು ತಿರುಗಿಸಿಕೊಂಡು ಮುಂದೆ ಹೋದಳು, ಸುತ್ತಲೂ ನೆಲ ಹೊಳೆಯುತ್ತಿದೆ, ನಡುವೆ ಬೆರಳುದ್ದದ ಹಸಿರು, ಇಲ್ಲಿಯವರೆಗೆ, ಒಂದು ಮೂಲೆ ಎದ್ದಿದೆ, ಮಲಗಿತು, ಎದ್ದಿತು, ಹಸಿರು ಟೇಪು, ಬೂಟಿನ ತುದಿ, ಟೇಪು.